ಚಾಕ್‌ಪೀಸಿನ ಗೆರೆಯ ಎಡಗೈ

ಭಾನುವಾರ ಸಂಜೆ ಅಕ್ಕೋರ ಎಡಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಚಾಕ್‌ಪೀಸಿನ ಎರಡು ಗೆರೆಗಳಿರುತ್ತಿದ್ದವು. ಮುಂಗೈಯ ಎರಡು ಎಲುಬು. ಟಿಳಕವಾಡಿಯಲ್ಲಿ ನನ್ನ ಬಾಜು ಮನೆಯವರು. ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಕಲಿಸಿ ರಿಟೈರ್ ಆದವರು. ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗಿ, ಎಲುಬು ಕಟ್ಟುವ ನಾಟಿ ವೈದ್ಯರಿಗೆ ಪಾಠ ಹೇಳುತ್ತಿದ್ದರು. ಅಲ್ಲಿ ಬೋರ್ಡ್ ಇರಲಿಲ್ಲ, ಕೈಯೇ ಬೋರ್ಡು. ನಾನು ಕಂಪನಿಗೆಂದು ಜೊತೆಗೆ.

ಆ ವೈದ್ಯರದು ಒಂದೇ ಹಟ: ಬಿದಿರಿನ ದಬ್ಬೆ ಇಟ್ಟು ಬಿಗಿದಷ್ಟೂ ಒಳ್ಳೆಯದು.

“ಬಿಗಿ ಇದ್ರ ಎಲುಬು ಲಗೂ ಕೂಡತೈತ್ರಿ ಅಕ್ಕೋರ,” ಎಂದ ಅವರಲ್ಲೊಬ್ಬ, ಹಲಸಿ ಊರಿನ ಅಜ್ಜ.

“ಎಲುಬು ಕೂಡತೈತಿ, ಕೈ ಸಾಯ್ತೈತಿ! ಉಗುರು ಒತ್ತಿ ಬಿಡ್ರಿ. ಬೆಳ್ಳಗಾಗಿದ್ದು ತಿರುಗಿ ಕೆಂಪಾಗಬೇಕು. ಆಗಲಿಲ್ಲಂದ್ರ ಅವಾಗ್ಲೇ ಬಿಚ್ರಿ.”

“ನಮ್ಮಪ್ಪ ಹಿಂಗ ಒತ್ತಿ ನೋಡ್ತಿರಲಿಲ್ರಿ.”

“ನಿಮ್ಮಪ್ಪ ಕಟ್ಟಿದ ಕೈ ಎಷ್ಟು ಸೊಟ್ಟ ಅದಾವು, ಕರಕೊಂಡು ಬರ್ರಿ, ನೋಡೂಣು.”

ಮೊದಲು ನಕ್ಕವನು ಅಜ್ಜನೇ. ಮುಂದಿನ ವಾರದಿಂದ ಕಂಡಕಂಡವರ ಉಗುರು ಒತ್ತತೊಡಗಿದ, ಚಹಾ ತಂದವಳದೂ ಸೇರಿ.

ಎರಡು ವರ್ಷದ ಹಿಂದೆ ಅಕ್ಕೋರು ಬಾತ್‌ರೂಮಿನಲ್ಲಿ ಬಿದ್ದರು. ಮುರಿದದ್ದು ಅದೇ ಎಡಗೈ. ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಸುದ್ದಿ ಕೇಳಿ ಅಜ್ಜ ಬಸ್ಸು ಹಿಡಿದು ಬಂದ. ಬಂದವನೇ ನಿದ್ದೆಯಲ್ಲಿದ್ದ ಅಕ್ಕೋರ ಉಗುರು ಒತ್ತಿದ. ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು.

“ಇದು ಬಿಚ್ಚಬೇಕ್ರಿ ಡಾಕ್ಟರ. ಬಾಳ ಬಿಗಿ ಆಗೇತಿ.”

ಆ ಡಾಕ್ಟರು ಉಗುರು ನೋಡಲಿಲ್ಲ, ಅಜ್ಜನ ತಲೆಗೆ ಸುತ್ತಿದ ಪಟಕಾ ನೋಡಿದ. “ಎಲುಬು ಕಟ್ಟಾಂವೇನು? ಇದು ನಿಮ್ಮ ದನದ ಕೊಟ್ಟಿಗಿ ಅಲ್ಲ, ಹೊರಗ ನಡಿ.”

ನಾನೇನು ಮಾಡಿದೆ? ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಳು ಮ್ಯಾನರ್ಸ್! “ಸಾರಿ ಡಾಕ್ಟರ್” ಎಂದೆ. ಅಜ್ಜನ ತೋಳು ಹಿಡಿದು ನಾನೇ ಬಾಗಿಲಾಚೆ ಬಿಟ್ಟುಬಂದೆ. ಅಷ್ಟು ಭಾನುವಾರ ಆ ಪಾಠ ಕೇಳಿಸಿಕೊಂಡಿದ್ದ ನಾನು!

ಮರುದಿನ ಪ್ಲಾಸ್ಟರ್ ಒಡೆಯುವಷ್ಟರಲ್ಲಿ ತಡವಾಗಿತ್ತು. ಬೆರಳುಗಳು ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. “ವಯಸ್ಸಾತಲ್ರಿ,” ಎಂದನಂತೆ ಡಾಕ್ಟರು. ವಯಸ್ಸಂತೆ, ವಯಸ್ಸು! ಇಂದಿಗೂ ಮೈ ಉರಿಯುತ್ತದೆ.

ಅಕ್ಕೋರು ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. “ಅಂವಾ ಖರೇ ಹೇಳಿದ್ದ ನೋಡ್ರಿ,” ಎಂದರು, ಪಾಸಾದ ಮಗನ ಸುದ್ದಿ ಹೇಳುವವರ ಹಾಗೆ. ಆಮೇಲೆ ಆ ಸೊಟ್ಟ ಕೈಯನ್ನೇ ಖಾನಾಪುರಕ್ಕೆ ಒಯ್ದು, ಬಿಗಿ ಕಟ್ಟಿದರೆ ಏನಾಗುತ್ತದೆಂದು ತೋರಿಸಿ ಪಾಠ ಮಾಡಿದರು.

ಈ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಅಜ್ಜ ಬಂದು ಪಕ್ಕದಲ್ಲಿ ಕುಳಿತ. ಆ ಎಡಗೈಯ ಹೆಬ್ಬೆರಳಿನ ಉಗುರು ಒತ್ತಿ, ಬಿಟ್ಟು, ಬಹಳ ಹೊತ್ತು ಕಾದ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಈ ಸಲ ನಾನು ಸುಮ್ಮನಿರುತ್ತಿರಲಿಲ್ಲ.