ಕಂಡಕ್ಟರ್ ಸುಮ್ಮನಾದ ಊರು

ನನ್ನ ಗಂಡ ಹದಿನಾಲ್ಕು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಬೆಳಿಗ್ಗೆ ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಒಂದು ಟ್ರಿಪ್, ವಾಪಸ್ ಬಂದು ಗುಬ್ಬಿ, ಚೇಳೂರು ದಾಟಿ ಹಾಗಲವಾಡಿಗೆ ಎರಡು ಟ್ರಿಪ್. ನಾನು ಹಾಗಲವಾಡಿಯವಳು. ನರ್ಸಿಂಗ್ ಓದಲು ತುಮಕೂರಿಗೆ ಹೋಗುತ್ತಿದ್ದುದು ಅದೇ ಬಸ್ಸಿನಲ್ಲಿ. ಎಷ್ಟು ಜನ ತುಂಬಿದ್ದರೂ ಇವರು ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದರು. 'ಅಜ್ಜಿ, ಕಣ್ಣಿನ ಆಪರೇಷನ್ ಆಯ್ತಾ?' 'ಅಣ್ಣೋ, ಒಳಗ್ ನಡಿ, ಮಧ್ಯ ಖಾಲಿ ಐತೆ.' 'ಮೇಷ್ಟ್ರೇ, ಇವತ್ತು ಲೇಟು, ಹುಡುಗ್ರು ಖುಷಿಯಾಗವ್ರೆ.' ಯಾರ ಮನೆಯಲ್ಲಿ ಮದುವೆ, ಯಾರ ಹಸು ಕರು ಹಾಕಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಆ ಮಾತು ಕೇಳಿಯೇ ನಾನು ಅವರನ್ನು ಮದುವೆಯಾದೆ ಎಂದರೆ ಸುಳ್ಳಲ್ಲ.

ಮದುವೆಯಾದ ಮೇಲೆ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ ಮಾಡಿದೆವು. ನಾನು ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಮಗಳು ಹುಟ್ಟಿ, ಸ್ಕೂಲಿಗೆ ಸೇರಿ, ನಾಲ್ಕನೇ ಕ್ಲಾಸಿಗೆ ಬರುವವರೆಗೂ ನಮ್ಮ ಜೀವನ ಹಾಗೇ ನಡೆಯಿತು. ಜೊತೆಯ ಹುಡುಗಿಯರೆಲ್ಲ ಬರೆಯುತ್ತಿದ್ದಾರೆ ಎಂದು ನಾನೂ ಕೇಂದ್ರ ಸರ್ಕಾರದ ನರ್ಸ್ ಹುದ್ದೆಗೆ ಪರೀಕ್ಷೆ ಬರೆದೆ. ವಯಸ್ಸಿನ ಮಿತಿ ಮುಗಿಯುವುದರೊಳಗೆ ಸಿಕ್ಕ ಕೊನೆಯ ಅವಕಾಶ ಅದು. ಪಾಸಾದೆ. ಖಾಯಂ ಕೆಲಸ. ಆದರೆ ಪೋಸ್ಟಿಂಗ್ ಬಂದದ್ದು ಛತ್ತೀಸ್‌ಗಢದ ರಾಯಪುರಕ್ಕೆ.

ನಾನು ಬೇಡವೆಂದೇ ಅಂದುಕೊಂಡಿದ್ದೆ. ಹೋಗೋಣ ಎಂದವರು ಅವರೇ.

'ನೀನು ಎಂಟು ವರ್ಷ ಕಂಡೋರ್ ಆಸ್ಪತ್ರೇಲಿ ನೈಟ್ ಡ್ಯೂಟಿ ಮಾಡಿದೀಯ. ಈಗ ಸರ್ಕಾರ ಕರೀತಾ ಇದೆ, ಬೇಡ ಅಂತೀಯಲ್ಲ?'

'ನೀವು ಅಲ್ಲಿ ಏನ್ ಮಾಡ್ತೀರಿ?'

'ಬಸ್ಸು ಇಲ್ದಿರೋ ಊರು ಇರ್ತದೇನೆ? ಜನ ಇರೋ ಕಡೆ ನಂಗೆ ಕೆಲ್ಸ ಇರ್ತದೆ ಬುಡು.'

ಕುಣಿಗಲ್ಲಿನಲ್ಲಿದ್ದ ಅವರ ಅಣ್ಣನಿಗೆ ಇದು ಹಿಡಿಸಲಿಲ್ಲ. 'ಹೆಂಡ್ತಿ ಹಿಂದೆ ಊರು ಬಿಟ್ಟು ಹೋಯ್ತೀಯೇನ್ಲಾ?' ಎಂದು ನನ್ನ ಮುಂದೆಯೇ ಕೇಳಿದರು. ಇವರು ನಕ್ಕು, 'ಅವ್ಳು ನನ್ನ ಹಿಂದೆ ಬಂದಿದ್ದಾಯ್ತಲ್ಲ ಅಣ್ಣ, ಈಗ ನನ್ನ ಸರದಿ' ಎಂದರು. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಅವರಿಗೆ ಅಲ್ಲಿ ಏನು ಕಾದಿದೆ ಎಂದು ಇನ್ನಷ್ಟು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಜೂನ್ ತಿಂಗಳಲ್ಲಿ ಯಶವಂತಪುರದಲ್ಲಿ ರೈಲು ಹತ್ತಿದೆವು. ಮಂಚ, ಬೀರು, ಹೊಲಿಗೆ ಮಷಿನ್ ಎಲ್ಲ ನನ್ನ ತಮ್ಮನ ಮನೆ ಸೇರಿದವು. ಬಟ್ಟೆ, ಪಾತ್ರೆ, ಒಂದು ಚೀಲ ರಾಗಿ ಹಿಟ್ಟು, ಮಗಳ ಸೈಕಲ್ಲು ನಮ್ಮ ಜೊತೆ ಬಂದವು. ರಾಯಪುರದಲ್ಲಿ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ, ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ನಾನು ಡ್ಯೂಟಿಗೆ ಹಾಜರಾದೆ. ಮಗಳನ್ನು ಹತ್ತಿರದ ಸ್ಕೂಲಿಗೆ ಸೇರಿಸಿದೆವು. ಕೆಲಸ ಇಲ್ಲದೆ ಉಳಿದವರು ಇವರೊಬ್ಬರೇ.

ಅವರಿಗೆ ಹಿಂದಿ ಬರುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು, ಅವರೂ ಹಾಗೇ ತಿಳಿದಿದ್ದರು. ತುಮಕೂರು ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಯವರ ಜೊತೆ, ಗ್ಯಾರೇಜಿನವರ ಜೊತೆ ಸರಾಗವಾಗಿ ಉರ್ದು ಮಾತಾಡುತ್ತಿದ್ದವರು. ಆದರೆ ಆ ಮಾತು ಅಲ್ಲಿ ನಡೆಯಲಿಲ್ಲ. 'ಬೇಡ' ಎನ್ನುವುದಕ್ಕೆ ನಮ್ಮ ಕಡೆಯ ಉರ್ದುವಿನಲ್ಲಿ ಎಲ್ಲರೂ ಹೇಳುವಂತೆ 'ನಕ್ಕೋ' ಎಂದರೆ ತರಕಾರಿಯವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಪಕ್ಕದ ಅಂಗಡಿಯವನನ್ನು ಕರೆದು ಇನ್ನೊಂದು ಸಲ ಹೇಳಿಸುತ್ತಿದ್ದಳು. ಮೊದಮೊದಲು ಇವರೂ ನಕ್ಕರು. ಮನೆಗೆ ಬಂದು ಅದನ್ನೇ ಅಭಿನಯಿಸಿ ನಮ್ಮನ್ನೂ ನಗಿಸಿದರು.

ಕೆಲಸ ಹುಡುಕಿದರು. ಬಸ್ಸಿನ ಆಫೀಸುಗಳಿಗೆ ಹೋದರು. ಹಿಂದಿ ಓದಲು, ಬರೆಯಲು ಬರಬೇಕು ಎಂದು ಕಳಿಸಿದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿ ಹನ್ನೊಂದು ದಿನಕ್ಕೆ ಬಿಟ್ಟರು. 'ಗೇಟು ತೆಗಿ, ಗೇಟು ಹಾಕು. ಒಬ್ಬರೂ ಮುಖ ನೋಡಲ್ಲ ಕಣೇ' ಎಂದರು. ಆಮೇಲೆ ಮನೆಯ ಕೆಲಸವೆಲ್ಲ ತಾವೇ ವಹಿಸಿಕೊಂಡರು. ಅಡುಗೆ, ಬಟ್ಟೆ, ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಇರುತ್ತಿತ್ತು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ನಾನು ತಮ್ಮನಿಗೆ ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮಾತು ಕಡಿಮೆಯಾದದ್ದು ನನಗೆ ತಡವಾಗಿ ತಿಳಿಯಿತು. ದಸರಾ ಹೊತ್ತಿಗೆ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು. ಅಂಗಡಿಗೆ ಹೋದರೆ ಬೆರಳು ತೋರಿಸಿ ತರುತ್ತಿದ್ದರು. ನಾವು ಮೂವರೂ ಹೊರಗೆ ಹೋದಾಗ ಆಟೋದವನ ಜೊತೆ, ಹೋಟೆಲಿನವನ ಜೊತೆ ಮಗಳೇ ಮಾತಾಡುತ್ತಿದ್ದಳು. ಮೂರೇ ತಿಂಗಳಿಗೆ ಅವಳ ಹಿಂದಿ ಅಲ್ಲಿಯ ಮಕ್ಕಳ ಹಾಗೇ ಆಗಿಬಿಟ್ಟಿತ್ತು. ಒಮ್ಮೆ ಆಟೋದಲ್ಲಿ ಇವರು ಏನೋ ಹೇಳಲು ಬಾಯಿ ತೆರೆದಾಗ ಅವಳು, 'ಅಪ್ಪ, ನೀನು ಸುಮ್ನಿರು, ನಾನ್ ಹೇಳ್ತೀನಿ' ಎಂದಳು. ಅವರು ತಕ್ಷಣ ಸುಮ್ಮನಾದರು. ಮಗಳು ಚುರುಕಾದಳಲ್ಲ ಎಂದು ನನಗೆ ಖುಷಿಯೇ ಆಯಿತು. ಆಗ ಅಷ್ಟೇ ಕಂಡದ್ದು ನನಗೆ.

ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಒಂದು ದಿನ ನನ್ನ ವಾರ್ಡಿಗೆ ಒಬ್ಬ ಹೆಂಗಸು ತನ್ನ ಅತ್ತೆಯನ್ನು ಸೇರಿಸಿದ್ದಳು. ಮಾತಾಡುತ್ತಾ ಹೋದಂತೆ, ಅವಳ ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಒಳ್ಳೆಯ ಸ್ನೇಹಿತರು ಎಂದು ಗೊತ್ತಾಯಿತು. ಅವಳು ಬಹಳ ಪ್ರೀತಿಯಿಂದಲೇ ಹಿಂದಿಯಲ್ಲಿ ಹೇಳಿದಳು: 'ನಿಮ್ಮ ಮನೆಯ ಅಡುಗೆಯವರು ತುಂಬಾ ಒಳ್ಳೆಯವರು. ನಿಮ್ಮ ಊರಿನಿಂದಲೇ ಕರೆದುಕೊಂಡು ಬಂದಿರಂತೆ? ಬಿಸಿಲಲ್ಲಿ ಎಷ್ಟು ಹೊತ್ತಾದರೂ ಗೇಟಿನ ಹತ್ತಿರ ನಿಂತಿರುತ್ತಾರೆ. ಅಂಥವರು ಸಿಗುವುದಿಲ್ಲ. ನಿಮ್ಮ ಯಜಮಾನರಿಗೆ ಊರಲ್ಲಿ ಬಸ್ಸುಗಳಿವೆಯಂತಲ್ಲ, ಅದನ್ನು ಬಿಟ್ಟು ಬರುವುದು ಕಷ್ಟವೇ ಬಿಡಿ.'

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟೆ. ಅವಳಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. 'ಹೌದು' ಎಂದೇ ಹೇಳಿರಬೇಕು. ಇವತ್ತಿಗೂ ನನ್ನನ್ನು ಚುಚ್ಚುವುದು ಅದು. ಮಗಳು ಹೇಳಿದ ಸುಳ್ಳಿಗೆ ನಾನೂ ಅಲ್ಲಿ ನಿಂತು ತಲೆಯಾಡಿಸಿದೆ.

ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಮಗಳು ಊಟ ಮಾಡುತ್ತಿದ್ದಳು. ಇವರು ಪಕ್ಕದಲ್ಲಿ ಕೂತು ಅವಳ ತಟ್ಟೆಗೆ ತುಪ್ಪ ಹಾಕುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಹೋಗಿ ಅವಳ ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಅವಳಿಗೆ ನಾನು ಹೊಡೆದದ್ದು ಅದೇ ಮೊದಲು.

'ಸ್ಕೂಲಲ್ಲಿ ಏನ್ ಹೇಳಿದೀಯೆ? ಇವ್ರು ಯಾರು ಅಂತ ಹೇಳಿದೀಯೆ?'

ಅವಳು ಅಳಲೂ ಇಲ್ಲ, ಸುಮ್ಮನೆ ಅಪ್ಪನ ಕಡೆ ನೋಡಿದಳು. ಇವರು ನನ್ನ ಕೈ ಹಿಡಿದುಕೊಂಡರು.

'ಬುಡೇ. ಮಗೀಗೆ ಯಾಕ್ ಹೊಡೀತೀಯ. ನಂಗ್ ಗೊತ್ತು.'

'ಏನ್ ಗೊತ್ತು ನಿಮ್ಗೆ?'

'ಎಲ್ಲಾ ಗೊತ್ತು. ಎರಡು ತಿಂಗಳಾಯ್ತು.'

ಮಗಳನ್ನು ಒಳಗೆ ಕಳಿಸಿ ಅವರು ಹೇಳಿದರು. ಶಾಲೆ ಶುರುವಾದ ಹೊಸತರಲ್ಲಿ ಗೇಟಿನ ಬಳಿ ಮಕ್ಕಳು ಇವರ ಮಾತು ಕೇಳಿ ನಕ್ಕಿದ್ದರು. ಇವರು ಏನು ಹೇಳಿದರೂ 'ನಕ್ಕೋ ನಕ್ಕೋ' ಎಂದು ಕೂಗುತ್ತಿದ್ದರು. ಯಾರು ಇವರು ಎಂದು ಯಾರೋ ಕೇಳಿದಾಗ ಮಗಳ ಬಾಯಲ್ಲಿ 'ಅಡುಗೆಯವರು' ಎಂಬ ಮಾತು ಬಂದುಬಿಟ್ಟಿದೆ. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಊರಲ್ಲಿ ಬಸ್ಸು ನೋಡಿಕೊಳ್ಳುತ್ತಾರೆ ಎಂದಿದ್ದಾಳೆ. ಅದು ಬೆಳೆಯುತ್ತಾ ಹೋಗಿ, ಎರಡು ತಿಂಗಳ ಹಿಂದೆ ಗೇಟಿನ ಬಳಿ ಇವರ ಕಿವಿಗೂ ಬಿದ್ದಿದೆ. ದೀಪಾವಳಿ ರಜೆಯ ಹಿಂದಿನ ದಿನ ಆ ಸ್ನೇಹಿತೆಯ ತಾಯಿ ಗೇಟಿನ ಹತ್ತಿರ ಇವರ ಕೈಗೆ ಸಿಹಿಯ ಡಬ್ಬಿ, ತನ್ನ ಗಂಡನ ಹಳೆಯ ಶರ್ಟು ಕೊಟ್ಟಿದ್ದಾಳೆ. ಮನೆಗೆಲಸದವರಿಗೆ ಹಬ್ಬಕ್ಕೆ ಕೊಡುವ ಹಾಗೆ.

ನೀಲಿ ಬಣ್ಣದ ಆ ಶರ್ಟು ನನಗೆ ಗೊತ್ತಿತ್ತು. ಫುಟ್‌ಪಾತಿನಲ್ಲಿ ಚೆನ್ನಾಗಿತ್ತು, ತಗೊಂಡೆ ಎಂದಿದ್ದರು. ನಾನೇ ಅದನ್ನು ಎಷ್ಟೋ ಸಲ ಇಸ್ತ್ರಿ ಮಾಡಿದ್ದೆ.

'ಅದನ್ನ ಹಾಕ್ಕೊಂಡು ಓಡಾಡಿದ್ರಲ್ರೀ!'

'ಹಾಕ್ಕೊಳ್ದೆ ಇದ್ರೆ ಆಯಮ್ಮ ಕೇಳ್ತಿದ್ಲು. ಮಗು ಹೇಳಿದ್ದು ಸುಳ್ಳು ಅಂತ ಗೊತ್ತಾಗ್ತಿತ್ತು. ಇರೋ ಒಬ್ಳು ಫ್ರೆಂಡು ಅವ್ಳಿಗೆ.'

ಅವರು ಗೇಟಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದರಂತೆ. ಬ್ಯಾಗು ಈಸಿಕೊಂಡು ಅವಳ ಹಿಂದೆ ನಡೆಯುತ್ತಿದ್ದರಂತೆ. ಮೂಲೆ ತಿರುಗಿದ ಮೇಲೆ ಅವಳು ಬಂದು ಕೈ ಹಿಡಿದುಕೊಳ್ಳುತ್ತಿದ್ದಳಂತೆ. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳು ಹೇಳಿದ್ದಾಳೆಂದು ಇವರಿಗೆ ಗೊತ್ತು, ಇವರಿಗೆ ಗೊತ್ತೆಂದು ಅವಳಿಗೆ ಗೊತ್ತು. ಒಂದೇ ಮನೆಯಲ್ಲಿದ್ದ ನನಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಬೇಸಿಗೆ ರಜೆಗೆ ಮೂವರೂ ಊರಿಗೆ ಬಂದೆವು. ತುಮಕೂರಿನಲ್ಲಿ ಇಳಿದ ಮಾರನೇ ದಿನವೇ ಬಸ್ಸಿನ ಓನರ್ ಸಿಕ್ಕಿ, ಈಗಿನ ಕಂಡಕ್ಟರ್ ರಜೆ ಹಾಕಿದ್ದಾನೆ, ನಾಲ್ಕು ದಿನ ಬರ್ತೀಯಾ ಎಂದರಂತೆ. ಇವರು ಹೋದರು. ನಾನು ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೊರಟದ್ದು ಅದೇ ಬಸ್ಸಿನಲ್ಲಿ. ಗುಬ್ಬಿಯಲ್ಲಿ ಜನ ನುಗ್ಗಿದರು. 'ಅಯ್ಯೋ, ಬಂದ್ಯೇನಪ್ಪ! ಎಲ್ಲೋಗಿದ್ದೆ ಇಷ್ಟ್ ದಿನ?' ಎಂದು ಒಬ್ಬ ಅಜ್ಜಿ ಅವರ ಗಲ್ಲ ಹಿಡಿದು ಕೇಳಿತು. ಇವರು ಮಾತಾಡುತ್ತಲೇ ಇದ್ದರು. ಚೇಳೂರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ನಗುತ್ತಾ, ಬೈಯುತ್ತಾ, ಹಿಂದಿನ ಬಾಗಿಲಲ್ಲಿ ಜೋತುಬಿದ್ದು 'ರೈಟ್, ರೈಟ್' ಎನ್ನುತ್ತಾ. ಎಷ್ಟೋ ತಿಂಗಳಿಂದ ನಾನು ನೋಡದಿದ್ದ ಮನುಷ್ಯ. ಮಗಳು ಕಿಟಕಿಯ ಕಡೆ ನೋಡದೆ ಅವರನ್ನೇ ನೋಡುತ್ತಾ ಕೂತಿದ್ದಳು. ನಾನು ಅಳು ತಡೆದುಕೊಳ್ಳಲು ಸೀಟಿನ ಕಂಬಿ ಹಿಡಿದಿದ್ದೆ.

ನಾಲ್ಕು ದಿನ ಎಂದದ್ದು ರಜೆ ಮುಗಿಯುವವರೆಗೂ ಹೋಯಿತು. ಹೊರಡುವ ದಿನ ಹತ್ತಿರ ಬಂದಾಗ ಅವರು ತಮ್ಮ ಬಟ್ಟೆಗಳನ್ನು ಬ್ಯಾಗಿಗೆ ತುಂಬಲಿಲ್ಲ.

'ನೀವ್ ಬರಲ್ವಾ?' ಎಂದೆ.

'ಬಾ ಅಂದ್ರೆ ಬರ್ತೀನಿ. ಆದ್ರೆ ಅಲ್ಲಿ ನಾನು ಯಾರು ಅಂತ ನಂಗೇ ಮರ್ತೋಗ್ತದೆ ಕಣೇ' ಎಂದರು.

ಬಾ ಎನ್ನಬೇಕೆಂದು ಎಷ್ಟು ಆಸೆಯಿತ್ತೋ ದೇವರಿಗೇ ಗೊತ್ತು. ಎನ್ನಲಾಗಲಿಲ್ಲ. ಕೆಲಸ ಬಿಟ್ಟು ಇಲ್ಲೇ ಇರುತ್ತೇನೆ ಎಂದೂ ನನ್ನ ಬಾಯಲ್ಲಿ ಬರಲಿಲ್ಲ. ಅವರೂ ಅದನ್ನು ಕೇಳಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ನನಗೆ ಖಚಿತವಿಲ್ಲ. ನಾನೂ ಮಗಳೂ ಇಬ್ಬರೇ ರೈಲು ಹತ್ತಿದೆವು. ಅವರು ಕುಣಿಗಲ್ಲಿನ ಅಣ್ಣನ ಮನೆಯಲ್ಲಿ ಉಳಿದರು.

ಆ ದಸರಾಕ್ಕೆ ಅವರು ಎಂಟು ದಿನಕ್ಕೆಂದು ರಾಯಪುರಕ್ಕೆ ಬಂದರು. ಬಂದ ಮಾರನೇ ಬೆಳಿಗ್ಗೆ ಮಗಳು ಅವರ ಕೈ ಹಿಡಿದು, 'ಅಪ್ಪ, ಒಂದು ಕಡೆ ಹೋಗಿ ಬರೋಣ' ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ನಾನೂ ಹಿಂದೆಯೇ ಹೋದೆ. ಅವಳು ಹೋಗಿ ನಿಂತದ್ದು ಆ ಸ್ನೇಹಿತೆಯ ಮನೆಯ ಬಾಗಿಲಲ್ಲಿ.

ಆ ತಾಯಿ ಬಾಗಿಲು ತೆರೆದು ಇವರನ್ನು ನೋಡಿ, 'ಅರೆ ಭೈಯಾ, ವಾಪಸ್ ಬಂದಿರಾ?' ಎಂದು ನಕ್ಕಳು. ಮಗಳು ಹಿಂದಿಯಲ್ಲಿ, 'ಆಂಟಿ, ಇವರು ನಮ್ಮ ಅಡುಗೆಯವರಲ್ಲ. ನಮ್ಮಪ್ಪ. ಬಸ್ಸಿನ ಓನರ್ ಅಲ್ಲ, ಕಂಡಕ್ಟರ್. ನಾನು ಸುಳ್ಳು ಹೇಳಿದ್ದೆ' ಎಂದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳೋ ಏನೋ, ಒಂದೇ ಉಸಿರಿಗೆ ಹೇಳಿ ಮುಗಿಸಿ ಜೋರಾಗಿ ಅತ್ತಳು. ಅವಳ ಸ್ನೇಹಿತೆ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಆ ಹೆಂಗಸಿನ ಮುಖ ಕೆಂಪಾಯಿತು. ಶರ್ಟಿನ ನೆನಪಾಗಿರಬೇಕು. ಎರಡೂ ಕೈ ಜೋಡಿಸಿ ಇವರಿಗೆ ನಮಸ್ಕಾರ ಮಾಡಿದಳು, ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದಳು, ಚಹಾ ಮಾಡಿದಳು. ಇವರು ಸೋಫಾದ ತುದಿಯಲ್ಲಿ ಕೂತು ಮಗಳ ಬೆನ್ನು ಸವರುತ್ತಿದ್ದರು. ಹಿಂದಿಯಲ್ಲಿ ಏನೋ ಹೇಳಲು ಹೋಗಿ ತಡವರಿಸಿ, ಕೊನೆಗೆ ಕನ್ನಡದಲ್ಲೇ, 'ಪರ್ವಾಗಿಲ್ಲಮ್ಮ, ಮಕ್ಳು' ಎಂದರು. ಆಕೆಗೆ ಅರ್ಥವಾದಂತೆ ಕಂಡಿತು.

ಇಷ್ಟಾದ ಮೇಲೆ ಅವರು ಅಲ್ಲೇ ಉಳಿಯಬಹುದು ಎಂದು ನನ್ನ ಮನಸ್ಸು ಆಸೆಪಟ್ಟಿತು. ಅವರು ಉಳಿಯಲಿಲ್ಲ. ಎಂಟನೇ ದಿನ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ, 'ಎಷ್ಟು ದೊಡ್ಡೋಳಾಗ್ಬುಟ್ಲು ನೋಡು. ಇದೆಲ್ಲ ಯಾವಾಗಾಯ್ತೋ, ನಾನ್ ಇರ್ಲೇ ಇಲ್ಲ' ಎಂದರು.

ಈಗ ಮಗಳು ಏಳನೇ ಕ್ಲಾಸು. ಅವರು ಮೂರು ತಿಂಗಳಿಗೊಮ್ಮೆ ಬಂದು ಒಂದು ವಾರ ಇದ್ದು ಹೋಗುತ್ತಾರೆ. ಕರ್ನಾಟಕದ ಕಡೆಗೆ ವರ್ಗಾವಣೆ ಕೇಳಿ ಎರಡು ಸಲ ಅರ್ಜಿ ಹಾಕಿದ್ದೇನೆ, ಇನ್ನೂ ಏನೂ ಆಗಿಲ್ಲ. ಯಾರ ಮೇಲೂ ನನಗೆ ದೂರಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೆಲಸ ನನಗಿಷ್ಟ, ಅದನ್ನು ಹೇಳಿಕೊಳ್ಳಲು ಮಾತ್ರ ಸಂಕೋಚವಾಗುತ್ತದೆ. ಸಂಜೆ ಟ್ರಿಪ್ ಮುಗಿದ ಮೇಲೆ ಅವರು ಫೋನ್ ಮಾಡುತ್ತಾರೆ. ಆ ದಿನ ಬಸ್ಸಿನಲ್ಲಿ ಯಾರು ಹತ್ತಿದರು, ಯಾರು ಏನೆಂದರು ಎಂದು ಮಗಳಿಗೆ ಹೇಳುತ್ತಾ ಹೋಗುತ್ತಾರೆ. ಅವಳು ಹೂಂ ಹೂಂ ಎನ್ನುತ್ತಾಳೆ, ನಗುತ್ತಾಳೆ. ಆದರೆ ಅವಳ ಉತ್ತರಗಳಲ್ಲಿ ಈಗ ಹಿಂದಿಯ ಮಾತುಗಳೇ ಹೆಚ್ಚು. ಮೊನ್ನೆ ಫೋನ್ ಇಡುವ ಮುಂಚೆ ಅವರು, 'ಕನ್ನಡದಲ್ಲಿ ಹೇಳು ಮಗ, ನಂಗ್ ತಿಳೀಲಿಲ್ಲ' ಎಂದರು. ಅವಳು ಸ್ವಲ್ಪ ಹೊತ್ತು ಪದ ಹುಡುಕಿದಳು.