ಅಕ್ಕನ ಮೇಲ್ಮಣ್ಣು

ಊರಿಂದ ಹೊರಡುವಾಗ ಅಕ್ಕ ನನ್ನನ್ನು ಕೇಳಿಕೊಂಡದ್ದು ಒಂದೇ ಮಾತು. ಅದನ್ನೂ ನಾನು ನಡೆಸಿಕೊಡಲಿಲ್ಲ.

ಅವಳ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಹೊಲಕ್ಕೆ ಹೋದೊಡನೆ ಆ ಬೆರಳನ್ನು ಮಣ್ಣಿಗೆ ಚುಚ್ಚಿ ಮೂಸಿ ನೋಡುತ್ತಿದ್ದಳು. ಹಾಗಲವಾಡಿ ಹತ್ತಿರದ ನಮ್ಮಪ್ಪನ ಜಮೀನಿನಲ್ಲಿ ಮೇಲಿನ ತುಂಡು ಅವಳದು, ಕೆಳಗಿನದು ನನ್ನದು, ನಡುವೆ ಒಂದು ಬದು. ಏಳು ವರ್ಷ ಅವಳು ಹೊಲ ಉಳಲಿಲ್ಲ. ಕೊಯ್ಲಾದ ಮೇಲೆ ಕಡ್ಡಿ, ಸೊಪ್ಪು, ಹುಲ್ಲನ್ನೆಲ್ಲ ಅಲ್ಲೇ ಹರಡಿ, ಅದರ ನಡುವೆ ಕೋಲಿನಿಂದ ಕುಳಿ ಮಾಡಿ ಅವರೆ, ತೊಗರಿ ಊರುತ್ತಿದ್ದಳು. ಮೊದಲೆರಡು ವರ್ಷ ಬೆಳೆ ಅಷ್ಟಕ್ಕಷ್ಟೆ. ಆಮೇಲೆ ಎಲ್ಲಿ ಕೆದಕಿದರೂ ಎರೆಹುಳ.

“ಬೇರು ಅಲ್ಲೇ ಇರ್ಲಿ ಬುಡೋ. ಹುಳಕ್ಕೂ ಊಟ ಬೇಡ್ವಾ?” ಎನ್ನುತ್ತಿದ್ದಳು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವುದು ನನ್ನ ಕೆಲಸ. ಟೀ ಅಂಗಡಿಯಲ್ಲಿ ಜನ ಸುಮ್ಮನೆ ಬಿಡುತ್ತಿರಲಿಲ್ಲ.

“ಏನ್ಲಾ, ನಿಮ್ಮಕ್ಕ ಹೊಲಕ್ಕೆ ಕಂಬಳಿ ಹೊದ್ಸವ್ಳೆ, ಜ್ವರ ಬಂದೈತಾ?”

“ಸ್ವಂತ ಅಕ್ಕನ್ ಹೊಲಾನೇ ಉಳಕ್ಕಾಗ್ದೋನು ನಮ್ದೇನ್ಲಾ ಉಳ್ತೀಯ?”

ನಗುತ್ತಲೇ ಟೀ ಕುಡಿದರೂ ಒಳಗೆ ಉರಿಯುತ್ತಿತ್ತು.

ಮಗಳ ಬಾಣಂತನಕ್ಕೆಂದು ಅಕ್ಕ ಕುಣಿಗಲ್ಲಿಗೆ ಹೊರಟಳು. ಬಸ್ ಹತ್ತುವಾಗ, “ಹೊಲದ್ ಕಡೆ ನೋಡ್ಕೋ. ನಿನ್ ಟ್ರ್ಯಾಕ್ಟರ್ ಮಾತ್ರ ಇಳಿಸ್ಬೇಡ ಕಣೋ” ಎಂದಳು. ಹೂಂ ಎಂದೆ.

ಮೊದಲ ಮಳೆ ಬಿತ್ತು. ಶಿರಾ ಗೇಟಿನ ಅಂಗಡಿಯಿಂದ ತಂದ ಹೊಸ ರೋಟವೇಟರ್ ಬ್ಲೇಡನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು, ಒಂದು ಬೆಳಿಗ್ಗೆ ಎಲ್ಲರಿಗೂ ಕಾಣುವ ಹಾಗೆ ಅವಳ ಹೊಲವನ್ನು ಹುಡಿ ಮಾಡಿದೆ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಟೀ ಅಂಗಡಿಯಲ್ಲಿ, “ಅಕ್ಕನೇ ಉಳು ಅಂದ್ಲು. ಬುದ್ಧಿ ಬಂತು ಅವ್ಳಿಗೆ” ಎಂದೆ.

ಮೂರನೇ ದಿನ ದೊಡ್ಡ ಮಳೆ ಹೊಯ್ಯಿತು. ಸಡಿಲಗೊಂಡ ಮೇಲ್ಮಣ್ಣೆಲ್ಲ ಬದು ಒಡೆದುಕೊಂಡು ನನ್ನ ಹೊಲಕ್ಕೆ ಹರಿಯಿತು.

ಅಕ್ಕ ಬಂದವಳು ಹೊಲದ ನಡುವೆ ಕುಕ್ಕರುಗಾಲಲ್ಲಿ ಕೂತಳು. ಬೈಯಲಿಲ್ಲ. “ಏಳು ವರ್ಷ ಕಣೋ” ಎಂದಳು, ಅಷ್ಟೆ. ಸಂಜೆಗೇ ಬೇಲಿಯ ಸೊಪ್ಪು ಕಡಿದು ತಂದು ಹರಡತೊಡಗಿದಳು. ಊರವರು ಚುಚ್ಚಿ ಕೇಳಿದಾಗಲೂ ನನ್ನನ್ನು ಬಿಟ್ಟುಕೊಡಲಿಲ್ಲ. “ಹೂಂ, ಒಂದ್ಸಲ ಉಳ್ಸಿ ನೋಡ್ದೆ” ಎಂದುಬಿಟ್ಟಳು.

ಆ ವರ್ಷ ನನ್ನ ಹೊಲದ ರಾಗಿ ಎಂದೂ ಇಲ್ಲದ ಹಾಗೆ ತೆನೆ ತುಂಬಿತು. ಅದರ ಮುದ್ದೆಯನ್ನು ಅಕ್ಕ ನಮ್ಮ ಮನೆಯಲ್ಲೇ ಉಂಡು, “ಚೆನ್ನಾಗೈತೆ ಕಣೋ” ಎಂದಳು.

ನಿಜ ಹೇಳಲು ನನಗೆ ಬಾಯಿ ಬರಲು ಮೂರು ವರ್ಷ ಬೇಕಾಯಿತು. ಮೊನ್ನೆ ಅಕ್ಕ ಟೀ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಳು. ಒಳಗಿದ್ದವನೊಬ್ಬ, “ಏನಕ್ಕ, ಈ ಸಲ ಉಳ್ಸಲ್ವಾ? ಆವತ್ತು ಬಂದಿದ್ ಬುದ್ಧಿ ಹೋಯ್ತಾ?” ಎಂದ. ಅಕ್ಕ ನಕ್ಕು ಬಸ್ ಬರುವ ದಾರಿ ನೋಡಿದಳು. ನಾನು ಲೋಟ ಕೆಳಗಿಟ್ಟು ಎದ್ದೆ.

“ಅವ್ಳು ಉಳ್ಸಿದ್ದಲ್ಲ. ಬೇಡ ಅಂತ ಹೇಳೋಗಿದ್ಲು, ನಾನೇ ಉತ್ತೆ. ನಿಮ್ಗೆ ಸುಳ್ಳು ಹೇಳಿದ್ದೂ ನಾನೇ.” ಅವಳ ಕಡೆ ತಿರುಗಿದೆ. “ನಿನ್ ಏಳು ವರ್ಷದ್ ಮಣ್ಣು ನನ್ ಹೊಲ್ದಲ್ಲೈತೆ ಕಣಕ್ಕಾ. ತಪ್ಪಾಯ್ತು.”