ಸಾಬರು ಆರಿಸಿದ ಬ್ಯಾಟರಿ

ಬ್ಯಾಟರಿ ಸಾಬರ ಲುಂಗಿಯಲ್ಲಿ ಬಟ್ಟೆಗಿಂತ ತೂತೇ ಹೆಚ್ಚಾಗಿತ್ತು. ಆಸಿಡ್ಡಿನ ಹನಿ ಬಿದ್ದಲ್ಲೆಲ್ಲ ಒಂದೊಂದು ತೂತು. ಬಿಸಿಲಿಗೆ ಬೆನ್ನು ಕೊಟ್ಟು ನಿಂತರೆ ಜರಡಿ ಹಿಡಿದಂತೆ ಬೆಳಕು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ನಾನು ಹತ್ತು ವರ್ಷದ ಕಪಿ. ಆ ಚುಕ್ಕಿಗಳನ್ನು ತುಳಿಯುತ್ತಾ ಅವರ ಹಿಂದೆಯೇ ಸುತ್ತುತ್ತಿದ್ದೆ.

“ಅಮ್ಮಣ್ಣಿ, ಲುಂಗಿ ತೂತು ಎಣಿಸ್ಬ್ಯಾಡ. ಗಾಡಿ ನೋಡು, ಬುದ್ದಿ ಬತ್ತದೆ” ಎನ್ನುತ್ತಿದ್ದರು.

ಆಗ ನಾವು ಮದ್ದೂರಿನಲ್ಲಿದ್ದೆವು. ಯುದ್ಧ ಮುಗಿದಿತ್ತು, ಪೆಟ್ರೋಲಿಗೆ ಮಾತ್ರ ಇನ್ನೂ ರೇಷನ್ ಚೀಟಿ ಬೇಕಿತ್ತು. ಮನೆಗೆ ಯಜಮಾನರು ನನ್ನ ದೊಡ್ಡಪ್ಪ. ಗದ್ದೆ, ಕಬ್ಬಿನ ಜೊತೆಗೆ ಒಂದು ಹಳೆಯ ಕಾರೂ ಅವರಿಗಿತ್ತು. ಅದನ್ನು ವರ್ಷಗಟ್ಟಲೆ ಬದುಕಿಸಿಕೊಂಡು ಬಂದವರು, ಬಸ್ಸು ಲಾರಿಗಳಿಗೂ ಬ್ಯಾಟರಿ ರಿಪೇರಿ ಮಾಡುತ್ತಿದ್ದ ಈ ಸಾಬರು. ಅಂಗಳದಲ್ಲಿ ಹಿಂದಕ್ಕೆ ಮುಂದಕ್ಕೆ ಮಾಡುವುದಷ್ಟೇ ಅವರ ಪಾಲು. ರಸ್ತೆಗಿಳಿದರೆ ಸ್ಟೇರಿಂಗು ದೊಡ್ಡಪ್ಪನದು.

ಆಸಿಡ್ಡು ಹಾರಿ ಸಾಬರ ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣೂ ಮಸುಕಾಗುತ್ತಿತ್ತು. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಆ ಬೇಸಿಗೆಯಲ್ಲೇ ಊರಾಚೆಯ ಬಯಲಿನಲ್ಲಿ ಮೋಟಾರು ಪಂದ್ಯ ನಡೆಯುವ ಸುದ್ದಿ ಬಂತು. ಬಾವುಟ ನೆಟ್ಟ ದುಂಡು ದಾರಿ, ಹತ್ತು ಸುತ್ತು. ದೊಡ್ಡಪ್ಪನಿಗೆ ಹುಚ್ಚು ಹಿಡಿಯಿತು. ಎಂದೂ ಏನೂ ಕೇಳದ ಸಾಬರು ಅಂದು ಕೇಳಿದರು.

“ಬುದ್ದಿ, ಗಾಡಿ ನಾನು ಅಣಿ ಮಾಡ್ತೀನಿ. ಆ ದಿವ್ಸ ಸ್ಟೇರಿಂಗು ನಂಗ್ ಕೊಡಿ. ಕಣ್ಣು ಓಗೋಕ್ ಮುಂಚೆ ಒಂದ್ ಸಲ.”

ದೊಡ್ಡಪ್ಪ ನಕ್ಕರು. “ಒಂಟಿಗಣ್ಣನ್ನ ನಂಬ್ಕಂಡು ನಾನ್ ಕೆಟ್ನಲ್ಲಯ್ಯ! ಆಗ್ಲಿ ಬುಡು. ದುಂಡು ದಾರಿ, ಎದುರ್ಗೆ ಯಾರೂ ಬರಾಕಿಲ್ಲ. ಇದೊಂದೇ ಸಲ ಕಣಯ್ಯ, ಮತ್ತೆ ಕೇಳ್ಬ್ಯಾಡ.”

ಅಂದಿನಿಂದ ಕಾರು ದಿನಕ್ಕಿಷ್ಟು ಬೆತ್ತಲಾಯಿತು. ಬಾಗಿಲು, ಮೇಲಿನ ಹೊದಿಕೆ, ಮಡ್‌ಗಾರ್ಡು, ಹಿಂದಿನ ಸೀಟು, ದೀಪಗಳು, ಕಡೆಗೆ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಕೂಡ ಕೊಟ್ಟಿಗೆ ಸೇರಿತು. ಉಳಿದದ್ದು ಬ್ಯಾಟರಿ. ಹಳೆಯದು ಅರ್ಧ ಮೂಟೆ ಭತ್ತದಷ್ಟು ಭಾರ. ಹಗುರವಾದದ್ದು ಬೇಕು, ಅಗ್ಗವೂ ಆಗಬೇಕು ಎಂದು ಮಂಡ್ಯಕ್ಕೆ ಹೊರಟೆವು. ನಾನೂ ಹಟ ಮಾಡಿ ಬಸ್ಸು ಹತ್ತಿದ್ದೆ.

ಮಿಲಿಟರಿಯವರು ಹರಾಜು ಹಾಕಿದ ಸಾಮಾನನ್ನು ಅಲ್ಲೊಬ್ಬ ವ್ಯಾಪಾರಿ ಗೋಣಿಯ ಮೇಲೆ ಗುಡ್ಡೆ ಹಾಕಿದ್ದ. ಸಾಬರು ಒಂದೊಂದೇ ಬ್ಯಾಟರಿಯನ್ನು ಎತ್ತಿ, ತೆಂಗಿನಕಾಯಿ ಅಲ್ಲಾಡಿಸುವಂತೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಪುಡಿ ಸದ್ದಾದರೆ “ಹಲ್ಲೆಲ್ಲ ಉದ್ರೋಗವೆ ಮುದುಕಂಗೆ” ಎಂದು ಆಚೆ ಇಡುವರು. ಮುಚ್ಚಳ ಬಿಚ್ಚಿ ಮೂಸುವರು. ತಂತಿ ತಾಗಿಸಿ, ಆ ಕಿಡಿಯನ್ನು ನೋಡಲು ಮೂಗು ಸುಡುವಷ್ಟು ಹತ್ತಿರ ಬಗ್ಗುವರು. ಅರ್ಧ ದಿನ ಕಳೆದ ಮೇಲೆ ಒಂದು ಮೋಟಾರು ಸೈಕಲ್ಲಿನ ಬ್ಯಾಟರಿಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡರು. ನಾಲ್ಕು ಬೆಲ್ಲದಚ್ಚು ಜೋಡಿಸಿದಷ್ಟಿತ್ತು.

“ಇದೇನಯ್ಯ, ಮಗೀನ್ ಆಟದ್ ಸಾಮಾನು! ಇದು ಗಾಡಿ ಎಳೀತದಾ?” ಎಂದರು ದೊಡ್ಡಪ್ಪ.

“ಎಳ್ಯಾದು ಪೆಟ್ರೋಲು ಬುದ್ದಿ. ಇಂಜಿನ್ನ ಕೈಯಲ್ ತಿರುವ್ತೀವಿ, ದೀಪ ಕಿತ್ತಾಕಿವ್ನಿ. ಇದು ಕಿಡಿ ಕೊಟ್ರೆ ಸಾಕು. ಎಳೆಗರ ಇದು, ಒರೋವಷ್ಟೇ ಭಾರ ಒರುಸ್ಬೇಕು.”

ಬಾವಿಯ ನೀರು ಕುಡಿದರೆ ಬ್ಯಾಟರಿಗೆ ಹೊಟ್ಟೆ ಕೆಡುತ್ತದೆ ಎಂದು ಮಳೆನೀರನ್ನು ಜಾಡಿಯಲ್ಲಿ ಹಿಡಿದಿಟ್ಟಿದ್ದರು. ಅದನ್ನೇ ಸೋಸಿ ಹಾಕಿ, ರೈಸ್ ಮಿಲ್ಲಿನಲ್ಲಿ ಚಾರ್ಜು ಮಾಡಿ, ಕಾರಿಗೆ ಕೂರಿಸಿದರು.

ಪಂದ್ಯದ ಬೆಳಿಗ್ಗೆ ಆರತಿ ತಟ್ಟೆ ಹಿಡಿದು ಬಂದ ದೊಡ್ಡಮ್ಮ ಕಾರು ನೋಡಿ ಹೌಹಾರಿದರು.

“ಕಣ್ಣಿಲ್ದ ಗಾಡಿಗ್ ಪೂಜೆ ಮಾಡ್ಲಾ? ದೀಪ ಅತ್ತುಸ್ದೆ ಗಾಡಿ ಬಾಗ್ಲು ದಾಟ್ಬಾರ್ದು ಕಣಪ್ಪ. ಇಕ್ಕು ಮೊದ್ಲು!”

“ಅವ್ವ, ಭಾರ ಆಯ್ತದೆ…” ಎಂದರು ಸಾಬರು.

“ದೀಪ ಭಾರವಾ? ಚೆನ್ನಾಗ್ ಯೋಳ್ದೆ ನೀನು!”

ಸಾಬರು ದೀಪಗಳನ್ನು ತಂದು ಸಿಕ್ಕಿಸಿದರು. ದೀಪ ಹತ್ತಿಸಿ ಪೂಜೆಯಾಯಿತು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಸಾಬರು ಆರಿಸಲೆಂದು ದೀಪದ ಗುಂಡಿಗೆ ಕೈ ಚಾಚಿದರು.

“ಪೂಜೆ ದೀಪ ಆರುಸ್ತಾರೇನಪ್ಪ! ಬಯಲು ಮುಟ್ಟೋಗಂಟ ಉರೀಲಿ” ಎಂದು ದೊಡ್ಡಮ್ಮ ಗದರಿದರು.

ಪೆಟ್ರೋಲು ಉಳಿಸಬೇಕೆಂದು ಕಾರಿಗೆ ಎತ್ತು ಕಟ್ಟಿದ್ದರು! ಮುಂದೆ ಓಲಗ, ಹಿಂದೆ ಎತ್ತು, ಅದರ ಹಿಂದೆ ಪಂದ್ಯದ ಕಾರು. ಪೇಟ ಸುತ್ತಿಕೊಂಡ ದೊಡ್ಡಪ್ಪ ಮದುವಣಿಗನಂತೆ ಸ್ಟೇರಿಂಗು ಹಿಡಿದು ಕೂತಿದ್ದರು. ಪಕ್ಕದಲ್ಲಿ ಗೋಣಿಯ ಮೇಲೆ ನಾನು. ಮನೆಮನೆಯ ಮುಂದೆಯೂ ನಿಲ್ಲಬೇಕು, ಕಾಯಿ ಒಡೆಸಿಕೊಳ್ಳಬೇಕು. ಸಾಬರು ಪಕ್ಕದಲ್ಲೇ ನಡೆಯುತ್ತಿದ್ದರು.

“ಬುದ್ದಿ, ದೀಪ ಆರ್ಸಿ.”

“ಅವ್ಳು ಬಯ್ತಾಳೆ ಕಣಯ್ಯ. ಬೆಳಕೇನ್ ತೂಕವಾ? ಸುಮ್ಕೆ ಬಾ.”

ಆಗ ಸಾಬರು ನನ್ನತ್ತ ನೋಡಿದರು. ಎರಡು ಬೆರಳು ಸೇರಿಸಿ ತಿರುವಿದಂತೆ ಸನ್ನೆ ಮಾಡಿದರು. ಗುಂಡಿ ಯಾವುದೆಂದು ನನಗೆ ಗೊತ್ತಿತ್ತು. ಕೈ ಅದರ ಮೇಲೆ ಹೋಯಿತು. ಹಚ್ಚಿದ ದೀಪ ಆರಿಸಿದ ಹುಡುಗಿ ಹೋದ ಮನೆಗೆಲ್ಲ ಕತ್ತಲು ತರುತ್ತಾಳೆ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಪಕ್ಕದ ಮನೆಯ ಉಪ್ಪಿನಕಾಯಿ ಕದಿಯಲು ಹೆದರದ ನಾನು ಅದಕ್ಕೆ ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಬಯಲು ಮುಟ್ಟುವಾಗ ದೀಪಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಯಾರೋ ಮುದುಕಿ ಕೈ ಮುಗಿದಳು.

ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ. ಇಳಿದು “ಕೂತ್ಕಳಯ್ಯ” ಎಂದರು. ಸಾಬರು ಲುಂಗಿ ಮಡಿಚಿ ಕಟ್ಟಿ ಕೂತರು. ಮುಂದೆ ಆಳು ಹ್ಯಾಂಡಲ್ ತಿರುವಿದ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದ. ಕೆಮ್ಮೂ ಇಲ್ಲ. ಬಾವುಟ ಬಿತ್ತು, ಉಳಿದ ಕಾರುಗಳು ಹೊರಟವು. ಹತ್ತು ಸುತ್ತೂ ಅವುಗಳ ಧೂಳು ಸಾಬರ ಮೇಲೆ ಬಿತ್ತು. ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು ಅವರು ನೇರ ಮುಂದಕ್ಕೆ ನೋಡುತ್ತಲೇ ಇದ್ದರು.

“ಲೇ, ಸಾಬಿ ಅಗ್ಗದ್ ಬ್ಯಾಟ್ರಿ ತಂದವ್ನೆ ಕಣ್ಲಾ!” ಎಂದು ಜನ ಕೇಕೆ ಹಾಕಿದರು.

ದೊಡ್ಡಪ್ಪನ ಮುಖ ಕೆಂಪಾಗಿತ್ತು. “ಏನಾಯ್ತಯ್ಯ?”

“ಬ್ಯಾಟ್ರಿ ಬುದ್ದಿ. ಆರಿಸ್ದೋನು ನಾನು. ಮೋಸ ಓದೆ.”

ವಾರ ಕಳೆದು ಅದೇ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಿ ತಂದರು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ದೀಪ ಕಿತ್ತು, ಇಂಜಿನ್ನು ತಿರುವಿದರು. ಊಟದ ಹೊತ್ತಿನಿಂದ ಅವರ ಸಂಜೆಯ ನಮಾಜಿನ ತನಕ ಅದು ಒಂದೇ ಸಮನೆ ಗುಡುಗುಟ್ಟಿತು.

“ದೀಪವೇ ಕುಡ್ದಿದ್ದು, ಅಲ್ವಾ? ದೊಡ್ಡಪ್ಪಂಗ್ ಯಾಕ್ ಯೋಳ್ಲಿಲ್ಲ?” ಎಂದೆ.

“ಪೂಜೆ ದೀಪದಿಂದ ಕೆಡ್ತು ಅಂತ ಸಾಬಿ ಬಾಯಲ್ ಬಂದ್ರೆ, ಆ ಮಾತು ಬ್ಯಾಟ್ರಿಗೇ ನಿಲ್ಲಾಕಿಲ್ಲ ಅಮ್ಮಣ್ಣಿ. ಕಾಲ ಸರೀಗಿಲ್ಲ.” ಬ್ಯಾಟರಿಯ ತಂತಿ ಬಿಚ್ಚುತ್ತಾ ಹೇಳಿದರು: “ನೀನ್ ಮನೆ ಮಗ್ಳು. ನೀನ್ ಯೋಳ್ಬೌದು. ಯೋಳು ಅಂತ ನಾನ್ ಅನ್ನಾಕಿಲ್ಲ.”

ನಾನು ಹೇಳಲಿಲ್ಲ. ಹೇಳಿದರೆ ಗುಂಡಿಯ ಮೇಲೆ ಹೋದ ನನ್ನ ಕೈಯ ವಿಷಯವೂ ಬರುತ್ತದಲ್ಲ.

ಆ ತಿಂಗಳೇ ದೊಡ್ಡಪ್ಪ ಕಾರು ಮಾರಿದರು. ಅಗ್ಗದ ಬ್ಯಾಟರಿ ಸಾಬಿ ಎಂದು ಹೆಸರಾಗಿ, ಬಸ್ಸಿನವರೂ ಲಾರಿಯವರೂ ಬೇರೆ ಕಡೆಗೆ ಹೋದರು. ವರ್ಷ ತುಂಬುವುದರಲ್ಲಿ ಸಾಬರಿಗೆ ಹಗಲೂ ಕಾಣದಾಯಿತು.

ನನ್ನನ್ನು ಮಳವಳ್ಳಿಗೆ ಕೊಟ್ಟಾಗ ಗೋಡೆ ಸವರಿಕೊಂಡು ಮದುವೆಗೆ ಬಂದಿದ್ದರು. ಹೆಣ್ಣು ಕಳಿಸಲು ಬಾಡಿಗೆ ಕಾರು ನಿಂತಿತ್ತು. ಅವರು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಇಂಜಿನ್ನಿನ ಸದ್ದು ಕೇಳುತ್ತಿದ್ದರು.

“ಸಾಬ್ರೇ, ಈ ಸಲ ಅಗ್ಗದ್ ಬ್ಯಾಟ್ರಿ ಅಲ್ಲ ಕಣಯ್ಯ, ಎದರ್ಬ್ಯಾಡ!” ಎಂದರು ದೊಡ್ಡಪ್ಪ.

ಬೀಗರೆಲ್ಲ ನಕ್ಕರು. ಸಾಬರೂ ನಕ್ಕರು. ಹೊಸ ಗಂಡನ ಪಕ್ಕ ಕೂತಿದ್ದ ನಾನೂ ನಕ್ಕುಬಿಟ್ಟೆ. ಅಷ್ಟು ಜನರ ನಗುವಿನಲ್ಲಿ ನನ್ನದು ಯಾವುದೆಂದು ಅವರಿಗೆ ತಿಳಿಯಿತು. ಮುಖ ನನ್ನ ಕಡೆ ತಿರುಗಿತು.

“ಸುಕವಾಗಿರು ಅಮ್ಮಣ್ಣಿ” ಎಂದರು. ಕಾರು ಹೊರಟಿತು. ಆ ಮಳೆಗಾಲ ಮುಗಿಯುವ ಮೊದಲೇ ಸಾಬರು ತೀರಿಕೊಂಡರು.

ದೊಡ್ಡಮ್ಮ ಹೋಗಿ ಎಷ್ಟೋ ಕಾಲವಾಯಿತು, ದೊಡ್ಡಪ್ಪನೂ ಹೋದರು. ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೇಳುತ್ತಿದ್ದೇನೆ: ಬ್ಯಾಟರಿ ಚೆನ್ನಾಗಿತ್ತು. ಸಾಬರು ಆರಿಸಿದ್ದು ಸರಿಯಾಗಿತ್ತು. ಕೇಳಿ ಹೌದೆನ್ನಲು, ಅಂದು ಬಯಲಿನಲ್ಲಿ ನಿಂತಿದ್ದವರು ಒಬ್ಬರೂ ಉಳಿದಿಲ್ಲ.